ಮುಪ್ಪಿಲ್ಲದ ಕುದುರೆ

ಕುದುರೆಯ ವಿಷಯವಾಗಿ ನಾನು ಲೇಖನಿ ಹಿಡಿದೇನೆಂದು ಎಂದೂ ಎಣಿಸಿರಲಿಲ್ಲ. ನಾನು ಕುದುರೆ ಏರಿದವನಲ್ಲ, ಸಾಕಿದವನೂ ಅಲ್ಲ. ಬಾಲ್ಯದಲ್ಲಿ ಟಾಂಗಾದ ಮುಂದುಗಡೆ ಕುಳಿತು ಅದರ ಬಾಲದ ಪೆಟ್ಟು ತಿಂದದ್ದೇ ನನಗೂ ಆ ಪ್ರಾಣಿಗೂ ಇದ್ದ ನಂಟು. ಆದರೆ ಈ ಬೇಸಗೆಯಲ್ಲಿ ಸಿಂಧನೂರಿನ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದಾಗಿನಿಂದ ಕುದುರೆಯೊಂದು ತಲೆಯೊಳಗೆ ಹೊಕ್ಕು ಕೆನೆಯುತ್ತಿದೆ. ಬರೆಯದೆ ಗತ್ಯಂತರವಿಲ್ಲ.

ವಿಷಯ ಇಷ್ಟೆ. ತಂಗಿಯ ಮಗಳು ಕಾಲೇಜು ವಿದ್ಯಾರ್ಥಿನಿ. ರಜೆಯಲ್ಲಿ ಅವಳ ಸಹಪಾಠಿಗಳಿಬ್ಬರು ಬಂದಿದ್ದರು. ಒಬ್ಬ ಲಿಂಗಸುಗೂರಿನವನು, ಇನ್ನೊಬ್ಬ ಮಸ್ಕಿಯವನು. ನಮ್ಮ ಕಡೆಯ ಬಿಸಿಲನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ಹನ್ನೊಂದು ಗಂಟೆಯ ಮೇಲೆ ಹೊಸ್ತಿಲು ದಾಟುವಂತಿಲ್ಲ. ಮೂವರೂ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಕುದುರೆ ಸಾಕುತ್ತಿದ್ದರು. ಹೌದು, ಸಾಕುತ್ತಿದ್ದರು. ‘ಆಡುತ್ತಿದ್ದೇವೆ’ ಎಂದು ಅವರು ಹೇಳಲಿಲ್ಲ. ‘ಸಾಕುತ್ತಿದ್ದೇವೆ’ ಎಂದೇ ಹೇಳಿದರು. ನನ್ನ ತಕರಾರು ಶುರುವಾಗುವುದು ಆ ಕ್ರಿಯಾಪದದಿಂದಲೇ.

ತಿಳಿಯದ ವಾಚಕರಿಗಾಗಿ ಎರಡು ಮಾತು. ‘ದಿ ಸಿಮ್ಸ್’ ಎಂಬ ಸಂಸಾರ ಹೂಡಿ ನಡೆಸುವ ಕಂಪ್ಯೂಟರ್ ಆಟವನ್ನು 2000ದಲ್ಲಿ ಅಮೆರಿಕದ ವಿಲ್ ರೈಟ್ ಮತ್ತು ಅವರ ತಂಡ ಹೊರತಂದಿತು. ಅದರ ನಾಲ್ಕನೆಯ ಅವತಾರಕ್ಕೆ 2023ರ ಜುಲೈಯಲ್ಲಿ ‘ಹಾರ್ಸ್ ರ‍್ಯಾಂಚ್’ ಎಂಬ ಬಾಲಂಗೋಚಿ ಬಂದು ಸೇರಿತು. ಬಯಲಿನ ನಡುವೆ ಒಂದು ಮನೆ, ಒಂದು ಲಾಯ. ಕುದುರೆ ತರಬೇಕು, ಮೈ ಉಜ್ಜಬೇಕು, ಪಂದ್ಯಕ್ಕೆ ಪಳಗಿಸಬೇಕು, ಮರಿ ಬೆಳೆಸಬೇಕು. ಮೂಲ ಆಟ 2022ರಿಂದ ಪುಕ್ಕಟೆ; ಕುದುರೆ ಬೇಕೆಂದವರು ಮಾತ್ರ ದುಡ್ಡು ತೆರಬೇಕು. ಕುದುರೆ ಯಾವ ಕಾಲದಲ್ಲಿಯೂ ಶ್ರೀಮಂತರ ಪ್ರಾಣಿಯೇ ಎಂಬುದಕ್ಕೆ ಇದೂ ಒಂದು ನಿದರ್ಶನವಾದೀತು. ಇದೇ ಜಾತಿಯ ಇನ್ನೊಂದು ಆಟ ‘ಸ್ಟಾರ್‌ಡ್ಯೂ ವ್ಯಾಲಿ’. ಎರಿಕ್ ಬ್ಯಾರೋನ್ ಎಂಬ ತರುಣ ಒಬ್ಬನೇ ಕುಳಿತು ಸಿದ್ಧಪಡಿಸಿ 2016ರಲ್ಲಿ ಹೊರತಂದ ಒಕ್ಕಲುತನದ ಆಟ. ಇಂಥವನ್ನು ಆಡುವವರು ‘ಕೋಜಿ’ ಆಟಗಳೆಂದು ಕರೆಯುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೆಚ್ಚನೆಯ ಆಟ. ಕಂಬಳಿ ಹೊದ್ದು ಕುಳಿತಂಥ ಆಟ. ಕೊಲ್ಲುವುದಿಲ್ಲ, ಸೋಲುವುದಿಲ್ಲ, ಅವಸರವಿಲ್ಲ.

ಊಟದ ಹೊತ್ತಿಗೆ ಆ ಆಟದ ಮೇಲೆ ಚರ್ಚೆ ಎದ್ದಿತು. ಮೂರು ಊರು, ಮೂರು ಅಭಿಪ್ರಾಯ.

ಲಿಂಗಸುಗೂರಿನವನು ಹೇಳಿದ್ದು: ಆಟ ಬಹಳ ಸಲೀಸು. ಮೊದಲ ವಾರ ಸೊಗಸು. ಆಮೇಲೆ ಅದೇ ಉಜ್ಜುವುದು, ಅದೇ ಓಡಿಸುವುದು. ಕಷ್ಟವಿಲ್ಲದಿದ್ದರೆ ಗೆದ್ದೆವೆಂಬ ಸುಖ ಎಲ್ಲಿಂದ ಬರಬೇಕು? ನಿಜಾಮರ ಕಾಲದಲ್ಲಿ ಸೈನ್ಯದ ಛಾವಣಿಯಿದ್ದ ಊರಿನವನು, ಪಂದ್ಯದ ಮಾತು ಅವನ ಬಾಯಿಗೆ ಒಪ್ಪುತ್ತಿತ್ತು.

ಮಸ್ಕಿಯವನು ಕಡಿಮೆ ಮಾತಿನವನು. ಅವನ ಮನೆಯಲ್ಲಿ ಈಗಲೂ ಒಂದು ಜೋಡಿ ಎತ್ತಿವೆ. ಅವನು ‘ಸ್ಟಾರ್‌ಡ್ಯೂ ವ್ಯಾಲಿ’ಯ ಕುದುರೆಯನ್ನು ಕುರಿತು ಒಂದೇ ಮಾತು ಕೇಳಿದ: “ಲಾಯ ಕಟ್ಟಾಕ ಹತ್ತು ಸಾವಿರ ರೊಕ್ಕ, ನೂರು ಕಟ್ಟಿಗಿ, ಐದು ಕಬ್ಬಿಣದ ಗಟ್ಟಿ ಕೇಳ್ತಾರ. ಕುದುರಿ ಬಂದ ಮ್ಯಾಲೆ ಅದಕ್ಕ ಒಂದು ಸಿವುಡು ಮೇವೂ ಕೇಳಂಗಿಲ್ಲ. ಮೇವು ತಿನ್ನಲಾರದ್ದು ಎಂಥ ಕುದುರಿ?” ಅವನ ಮಾತು ನಿಜ. ಆ ಆಟದಲ್ಲಿ ಕುದುರೆ ಹಸಿಯುವುದಿಲ್ಲ, ಮುದಿಯಾಗುವುದಿಲ್ಲ, ಸಾಯುವುದಿಲ್ಲ. ಕೋಳಿಗೆ ಕಾಳು ಹಾಕದೆ ಬಿಟ್ಟರೆ ಅದು ಮುನಿಸಿಕೊಳ್ಳುತ್ತದೆಯೇ ಹೊರತು ಹಸಿವಿನಿಂದ ಸಾಯುವುದಿಲ್ಲ.

ಮೂರನೆಯ ಅಭಿಪ್ರಾಯ ನನ್ನ ಸೊಸೆಯದು. ‘ಹಾರ್ಸ್ ರ‍್ಯಾಂಚ್’ ಆಟದಲ್ಲಿ ಕುದುರೆಗೆ ವಯಸ್ಸಾಗುತ್ತದೆ. ಮರಿಯಿಂದ ಪ್ರಾಯ, ಪ್ರಾಯದಿಂದ ಮುಪ್ಪು, ಕಡೆಗೆ ಸಾವು. ಆದರೆ ಬೇಡವೆಂದವರು ವಯಸ್ಸಾಗುವುದನ್ನೇ ನಿಲ್ಲಿಸಿಬಿಡಬಹುದು, ಅದಕ್ಕೊಂದು ಗುಂಡಿಯಿದೆ. ಅವಳು ಆ ಗುಂಡಿ ಒತ್ತಿಬಿಟ್ಟಿದ್ದಾಳೆ. ಲಿಂಗಸುಗೂರಿನವನು ಚೇಷ್ಟೆ ಮಾಡಿದಾಗ ಅವಳು ತಟ್ಟನೆ, “ಆಟದಾಗರ ಯಾರೂ ಸಾಯಬಾರ್ದು” ಎಂದಳು. ಅಲ್ಲಿಗೆ ಮಾತು ನಿಂತಿತು.

ಮಾತು ನಿಂತರೂ ನೆರೆಮನೆಯ ಮಹಾಶಯರು ನಿಲ್ಲಲಿಲ್ಲ. ಅವರು ನಿವೃತ್ತರು, ನೀರಾವರಿ ಜಮೀನುಳ್ಳವರು, ಮಜ್ಜಿಗೆಗೆಂದು ಬಂದವರು. “ಎಲ್ಲಾ ಸುಳ್ಳು ಕುದುರೆ! ಈ ಆಟಗಳನ್ನೆಲ್ಲಾ ಸರಕಾರ ಬಂದು ಮಾಡಬೇಕು. ನಮ್ಮ ಕಾಲದಲ್ಲಿ ಮಕ್ಕಳು ದನ ಕಾಯುತ್ತಿದ್ದರು” ಎಂದು ತೀರ್ಪು ಕೊಟ್ಟು ಹೊರಟರು. ಈ ಬಗೆಯ ತೀರ್ಪು ನಾಡಿನ ಪ್ರತಿಯೊಂದು ಪಡಸಾಲೆಯಲ್ಲಿಯೂ ಇಂದು ಕೇಳಿಬರುತ್ತಿರುವುದರಿಂದ ಮೊದಲು ಅದಕ್ಕೇ ಉತ್ತರ ಹೇಳಬೇಕಾಗಿದೆ.

ಸುಳ್ಳು ಕುದುರೆಯೆಂಬುದು ದೋಷವೇ ಅಲ್ಲ. ಆಟವೆಂದ ಮೇಲೆ ಅದು ಸುಳ್ಳಾಗಿಯೇ ಇರಬೇಕು. ಮಣ್ಣೆತ್ತಿನ ಅಮಾವಾಸ್ಯೆ ಏನು? ಜ್ಯೇಷ್ಠದ ಕೊನೆಯ ದಿನ, ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ, ನಾವು ಹಳ್ಳದ ದಂಡೆಯಿಂದ ಎರೆಮಣ್ಣು ತಂದು ನಾದಿ ಜೋಡೆತ್ತು ಮಾಡುತ್ತಿದ್ದೆವು. ಅವುಗಳ ಮುಂದೆ ಮಣ್ಣಿನ ಗ್ವಾದಲಿ, ಗ್ವಾದಲಿಯಲ್ಲಿ ನಾಲ್ಕು ಎಸಳು ಹುಲ್ಲು. ಆ ಎತ್ತು ಉಳುತ್ತಿತ್ತೇ? ಆ ಹುಲ್ಲನ್ನು ತಿನ್ನುತ್ತಿತ್ತೇ? ಹೊಲದಲ್ಲಿ ನಿಜವಾದ ಎತ್ತು ಇದ್ದ ಕಾಲದಲ್ಲಿಯೇ ಮನೆಯಲ್ಲಿ ಸುಳ್ಳೆತ್ತನ್ನು ಮಾಡಿ ಪೂಜಿಸಿದ ಜನ ನಾವು. ಮಹಾಶಯರೂ ಮಾಡಿದ್ದಾರೆ, ನಾನು ಬಲ್ಲೆ. ಮಣ್ಣಿನ ಎತ್ತು ಸಂಸ್ಕೃತಿ, ಬೆಳಕಿನ ಕುದುರೆ ಕಾಲಹರಣ ಎನ್ನುವುದು ನ್ಯಾಯದ ಮಾತಲ್ಲ.

ಇನ್ನು ಬಂದು ಮಾಡುವ ಮಾತು. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿತು. ಮನೆ ಮುರಿಯುವ ಜೂಜಿಗೆ ಅಂಥ ಅಂಕುಶ ಬೇಕು ಎಂದು ವಾದಿಸಬಹುದು. ಆದರೆ ಇಲ್ಲಿ ಜೂಜೆಲ್ಲಿದೆ? ಈ ಹುಡುಗಿ ಕುದುರೆಯ ಬಾಲಕ್ಕೆ ದುಡ್ಡು ಕಟ್ಟಿಲ್ಲ, ಅದರ ಬಾಲ ಬಾಚುತ್ತಿದ್ದಾಳೆ. ಎರಡಕ್ಕೂ ಅಂತರವಿದೆ.

ಮತ್ತೊಂದು ಮಾತು. ‘ನಮ್ಮ ಕಾಲದಲ್ಲಿ ಮಕ್ಕಳು ದನ ಕಾಯುತ್ತಿದ್ದರು’ ಎಂಬುದೇನೋ ನಿಜ. ಈಗ ಕಾಯಲು ದನವೆಲ್ಲಿವೆ ಸ್ವಾಮಿ? 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಬಂತು. ಎಡದಂಡೆಯ ಕಾಲುವೆ ಸಿಂಧನೂರಿನ ಜೋಳದ ಎರೆಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿತು. ಸಂತೋಷವೇ. ತರುವಾಯ ಟ್ರ್ಯಾಕ್ಟರು ಬಂತು, ಎತ್ತು ಹೋಯಿತು. ಅದರ ಹಿಂದೆ ಕೊಯ್ಲಿನ ಯಂತ್ರ ಬಂತು. ಅದು ಕಾಳನ್ನು ಒಯ್ದು ಹುಲ್ಲನ್ನು ಗದ್ದೆಯಲ್ಲಿ ಚೆಲ್ಲಿತು. ಚೆಲ್ಲಿದ ಹುಲ್ಲಿಗೆ ನಾವು ಬೆಂಕಿ ಕೊಟ್ಟೆವು. ಮೇವನ್ನೇ ಸುಟ್ಟವರು ಮಕ್ಕಳಿಗೆ ದನದ ಮೇಲೆ ಪ್ರೀತಿಯಿಲ್ಲವೆಂದು ಗೋಳಾಡುವುದು ಯಾವ ನ್ಯಾಯ? ಮಕ್ಕಳಿಗೆ ಪ್ರೀತಿಯಿದೆ. ಇಲ್ಲದಿದ್ದರೆ ದುಡ್ಡು ಕೊಟ್ಟು ಲಾಯದ ಕಸ ಗುಡಿಸುವ ಆಟವನ್ನು ಅವರೇಕೆ ಆಡುತ್ತಿದ್ದರು?

ಹೀಗೆ ಮಹಾಶಯರಿಗೆ ಉತ್ತರ ಹೇಳಿದ್ದರಿಂದ ನಾನು ಆಟದ ವಕೀಲನಾದೆನೆಂದು ತಿಳಿಯಬಾರದು. ಆಟದ ಮೇಲೆ ನನ್ನದೇ ದೂರು ಒಂದಿದೆ, ಮತ್ತು ಅದು ಅವರ ದೂರಿಗಿಂತ ದೊಡ್ಡದೆಂದೇ ನನ್ನ ಎಣಿಕೆ.

ನನ್ನ ಮಣ್ಣೆತ್ತು ಒಡೆಯುತ್ತಿತ್ತು. ಒಣಗುವಾಗ ಕಾಲು ಬಿರಿಯುತ್ತಿತ್ತು. ತಮ್ಮ ಎತ್ತಿಕೊಂಡರೆ ಕೋಡು ಮುರಿಯುತ್ತಿತ್ತು. ಪೂಜೆಯಾದ ಮೇಲೆ ಮಾಳಿಗೆಯ ಮೇಲಿಟ್ಟರೆ ಮುಂಗಾರಿನ ಮಳೆ ಬಂದು ಒಂದು ರಾತ್ರಿಯಲ್ಲಿ ಎತ್ತು ಮತ್ತೆ ಮಣ್ಣಾಗುತ್ತಿತ್ತು. ನಾನು ಅತ್ತಿದ್ದೇನೆ. ಮುಂದಿನ ವರ್ಷ ಮತ್ತೆ ಮಾಡಿದ್ದೇನೆ. ಆ ಆಟಿಕೆ ಸುಳ್ಳಾಗಿತ್ತು, ಆದರೆ ಸಾಕುವುದರ ಬಗ್ಗೆ ಸುಳ್ಳು ಹೇಳುತ್ತಿರಲಿಲ್ಲ. ಸಾಕಿದ್ದು ಕೈಬಿಟ್ಟು ಹೋಗುತ್ತದೆ, ಹೋಗುವವರೆಗೆ ಜೋಪಾನ ಮಾಡಬೇಕು ಎಂದು ಹೇಳುತ್ತಿತ್ತು. ಹೋಗದೇ ಇರುವುದನ್ನು ಜೋಪಾನ ಮಾಡುವುದೆಂದರೇನು? ಕಲ್ಲನ್ನು ಯಾರೂ ಸಾಕುವುದಿಲ್ಲ.

ಈ ಮಾತು ನನ್ನ ಸ್ವಂತ ತತ್ತ್ವವಲ್ಲ. ಕುದುರೆಯ ಚರಿತ್ರೆಯೇ ಹೇಳುವ ಮಾತು. ಕೃಷ್ಣೆ–ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ, ನಮ್ಮ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲ ಕೋಟೆಗಾಗಿ, ರಾಯಚೂರಿಗಾಗಿ ವಿಜಯನಗರದವರೂ ಸುಲ್ತಾನರೂ ತಲೆಮಾರುಗಟ್ಟಲೆ ಹೊಡೆದಾಡಿದರು. 1520ರ ರಾಯಚೂರು ಯುದ್ಧವನ್ನು ವಿಸ್ತಾರವಾಗಿ ಬರೆದಿಟ್ಟವನು ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅವನೇ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ. ಸಾಳುವ ನರಸಿಂಹ ಹೊರ್ಮುಜಿನಿಂದಲೂ ಏಡನ್ನಿನಿಂದಲೂ ಹಡಗಿನಲ್ಲಿ ಕುದುರೆ ತರಿಸುತ್ತಿದ್ದ. ಸಾವಿರ ವರಹಕ್ಕೆ ಮೂರು, ಬದುಕಿರಲಿ ಸತ್ತಿರಲಿ. ದಾರಿಯಲ್ಲಿ, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಕುದುರೆಯ ಬಾಲಕ್ಕೆ ದುಡ್ಡು ಕೊಟ್ಟವರಲ್ಲಿ ಈತನೇ ಮೊದಲಿಗನೋ ಏನೋ! ಆದರೆ ಆ ದೊರೆಯ ಲೆಕ್ಕದಲ್ಲಿ ಸತ್ತ ಕುದುರೆಗೂ ಒಂದು ಸಾಲು ಇತ್ತು. ಇಂದಿನ ಬೆಚ್ಚನೆಯ ಲೆಕ್ಕದಲ್ಲಿ ಆ ಸಾಲನ್ನೇ ಅಳಿಸಲಾಗಿದೆ.

ಅದಕ್ಕೂ ಇನ್ನೂರು ವರ್ಷ ಹಿಂದೆ ತಮಿಳು ಕರಾವಳಿಯನ್ನು ಕಂಡ ಮಾರ್ಕೋ ಪೋಲೊ, ಇಲ್ಲಿಯವರಿಗೆ ಕುದುರೆ ಸಾಕಲು ಬಾರದು, ಅನ್ನ ಮಾಂಸ ಬೇಯಿಸಿ ಹಾಕುತ್ತಾರೆ, ತಂದ ಕುದುರೆಗಳೆಲ್ಲ ಸಾಯುತ್ತವೆ ಎಂದು ಆಶ್ಚರ್ಯಪಟ್ಟ. ಅವನ ಮಾತಿನಲ್ಲಿ ಉತ್ಪ್ರೇಕ್ಷೆ ಎಷ್ಟೇ ಇರಲಿ, ಕುದುರೆ ಸತ್ತದ್ದು ನಿಜ. ಪ್ರಾಣಿಗಳು ಸತ್ತದ್ದರಿಂದಲೇ ಪ್ರಾಣಿವೈದ್ಯ ಹುಟ್ಟಿತು. 12ನೆಯ ಶತಮಾನದ ಆದಿಯ ಸುಮಾರಿಗೆ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದ, ಅದರಲ್ಲಿ ಮದ್ದೂ ಉಂಟು, ಮಂತ್ರವೂ ಉಂಟು. ಮುಂದೆ ಅಭಿನವಚಂದ್ರ ಕುದುರೆಯ ವೈದ್ಯವನ್ನು ಕುರಿತು ಬರೆದ. ಇನ್ನೂ ಹಿಂದಕ್ಕೆ ಹೋಗುವುದಾದರೆ, ಮಸ್ಕಿಯ ಬಂಡೆಯ ಮೇಲೆ ತನ್ನ ಹೆಸರನ್ನೇ ಬಿಟ್ಟುಹೋದ ಅಶೋಕನಿದ್ದಾನೆ. 1915ರಲ್ಲಿ ಬೀಡನ್ ಎಂಬ ಇಂಜಿನಿಯರು ಚಿನ್ನ ಹುಡುಕುತ್ತ ಆ ಶಾಸನವನ್ನು ಕಂಡ. ಅದೇ ದೊರೆ ಎರ್ರಗುಡಿಯಲ್ಲಿಯೂ ಗಿರ್ನಾರಿನಲ್ಲಿಯೂ ಕೊರೆಸಿದ ಎರಡನೆಯ ಶಾಸನದಲ್ಲಿ ಮನುಷ್ಯರಿಗಲ್ಲದೆ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದೇನೆಂದು ಸಾರಿದ್ದಾನೆ. ಅಶೋಕನ ಬಳಿ ಮುಪ್ಪು ನಿಲ್ಲಿಸುವ ಗುಂಡಿ ಇದ್ದಿದ್ದರೆ ಔಷಧಿಯ ಗಿಡ ನೆಡಿಸುವ ಗೋಜು ಅವನಿಗೇಕೆ?

ಈ ಆಟಗಳ ತಾಯಿಬೇರಿಗೂ ಈ ಸತ್ಯ ಗೊತ್ತಿತ್ತು. ಜಪಾನಿನ ಯಾಸುಹಿರೊ ವಾಡಾ ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೋ ಸೇರಿದವರು. ಬಿಟ್ಟುಬಂದ ಹಳ್ಳಿಯ ನೆನಪಿನಲ್ಲಿ ಅವರು 1996ರಲ್ಲಿ ‘ಹಾರ್ವೆಸ್ಟ್ ಮೂನ್’ ಎಂಬ ಆಟವನ್ನು ಹೊರತಂದರು. ಅದರಲ್ಲಿ ಹಸುವಿಗೆ ಮೇವು ತಪ್ಪಿಸಿದರೆ ಹಸು ಕಾಯಿಲೆ ಬೀಳುತ್ತದೆ. ಮದ್ದು ಹಾಕದಿದ್ದರೆ ಸಾಯುತ್ತದೆ. ಅಂಥ ಆಟವೂ ಬೆಚ್ಚನೆಯದೇ ಆಗಿತ್ತು. ಕೊಟ್ಟಿಗೆ ಬೆಚ್ಚಗಿರುವುದು ಹೊರಗೆ ಚಳಿಯಿದ್ದಾಗ ತಾನೆ?

ಇಷ್ಟನ್ನೂ ನಾನು ಆ ಸಂಜೆ ಸೊಸೆಗೆ ಸಾಂಗವಾಗಿ ಹೇಳಿದೆ. ವಾದದಲ್ಲಿ ಗೆದ್ದೆನೆಂಬ ಹಮ್ಮಿನಲ್ಲಿಯೇ ಇದ್ದೆ. ಅವಳು ಮಾತಾಡದೆ ಕಂಪ್ಯೂಟರಿನ ಮುಂದೆ ಕರೆದೊಯ್ದು ಕುದುರೆಯನ್ನು ತೋರಿಸಿದಳು. ಕಂದು ಬಣ್ಣ, ಹಣೆಯಲ್ಲಿ ಬಿಳಿಯ ಚುಕ್ಕೆ. ಅದರ ಹೆಸರು ಗೌರಿ.

ಗೌರಿ ನನ್ನ ತಾಯಿಯ ಹಸುವಿನ ಹೆಸರು. ಅದಕ್ಕೂ ಹಣೆಯಲ್ಲಿ ಬಿಳಿಯ ಚುಕ್ಕೆ ಇತ್ತು. ತಾಯಿ ಕಡೆಯ ವರ್ಷಗಳಲ್ಲಿ ತಂಗಿಯ ಮನೆಯಲ್ಲಿಯೇ ಇದ್ದಳು. ಮೊಮ್ಮಗಳೂ ಅಜ್ಜಿಯೂ ಒಟ್ಟಿಗೆ ಆ ಹಸುವನ್ನು ನೋಡಿಕೊಳ್ಳುತ್ತಿದ್ದರು. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ, ತಾಯಿ ತೀರಿಕೊಂಡಳು. ಮುಖ ನೋಡಲೂ ಆಗಲಿಲ್ಲ. ತಿಂಗಳು ಕಳೆಯುವುದರೊಳಗೆ ನಾವು ದೊಡ್ಡವರು ಕೂಡಿ ಯೋಚಿಸಿ, ನೋಡಿಕೊಳ್ಳುವವರಿಲ್ಲವೆಂದು ಗೌರಿಯನ್ನು ಮಾರಿದೆವು. ಕೂಡಿ ಯೋಚಿಸಿದವರಲ್ಲಿ ನಾನೂ ಒಬ್ಬ. ನೋಡಿಕೊಳ್ಳುವವಳು ಅಲ್ಲಿಯೇ ಬಾಗಿಲ ಹಿಂದೆ ನಿಂತಿದ್ದಳೆಂಬುದು ಯಾರಿಗೂ ಹೊಳೆಯಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ.

“ಗುಂಡಿ ಯಾಕ ಒತ್ತೀನಿ ಅಂತ ಈಗ ತಿಳೀತೇನು ಮಾಮಾ?” ಎಂದಳು.

ತಿಳಿಯಿತು. ‘ಆಟದಾಗರ ಯಾರೂ ಸಾಯಬಾರ್ದು’ ಎಂಬುದರಲ್ಲಿ ಮೃದುತನವನ್ನಷ್ಟೇ ಕಂಡಿದ್ದ ನಾನು ಆ ‘ಆದರೂ’ ಎಂಬುದರ ಒಳಗಿನ ಲೆಕ್ಕವನ್ನು ಓದಿರಲಿಲ್ಲ. ಸಾವನ್ನು ಕಾಣದವರಿಗೆ ಆಟ ಅದನ್ನು ತೋರಿಸಬೇಕು ಎಂಬುದು ನನ್ನ ವಾದವಾಗಿತ್ತು. ಕಂಡು ಬಂದವರು ಒಂದು ಗಳಿಗೆ ಕಂಬಳಿ ಹೊದ್ದು ಕುಳಿತರೆ ಅದನ್ನು ಕಿತ್ತುಕೊಳ್ಳುವ ಅಧಿಕಾರ ನನಗಿಲ್ಲ. ಇಷ್ಟನ್ನು ಒಪ್ಪುತ್ತೇನೆ.

ಒಪ್ಪಿಯೂ ನನ್ನ ಮಾತನ್ನು ಹಿಂತೆಗೆದುಕೊಳ್ಳಲಾರೆ. ಏಕೆಂದರೆ ಗೌರಿಯ ಪಕ್ಕದಲ್ಲಿ ಒಂದು ಮರಿ ನಿಂತಿತ್ತು. ಕೋಲುಗಾಲಿನ ಚಿಕ್ಕ ಮರಿ. ಎಷ್ಟು ದಿನದ್ದು ಎಂದು ಕೇಳಿದೆ. ಒಂದು ವರ್ಷದಿಂದ ಹೀಗೆಯೇ ಇದೆ ಎಂದಳು. ವಯಸ್ಸನ್ನು ನಿಲ್ಲಿಸಿದರೆ ಮುದಿಯಾಗುವುದಷ್ಟೇ ಅಲ್ಲ, ಮರಿ ತಾನಾಗಿ ಬೆಳೆಯುವುದೂ ನಿಲ್ಲುತ್ತದೆ. ಎರಡಕ್ಕೂ ಒಂದೇ ಗುಂಡಿ. ತಾಯಿ ಸಾಯಬಾರದೆಂದರೆ ಮಗು ದೊಡ್ಡದಾಗಬಾರದು. ಆಟ ಮಾಡಿದವರು ಉದ್ದೇಶಪಟ್ಟು ಮಾಡಿದರೋ ಇಲ್ಲವೋ, ಇದಕ್ಕಿಂತ ನಿಷ್ಠುರವಾದ ಸತ್ಯವನ್ನು ನಾನು ಯಾವ ಪುರಾಣದಲ್ಲಿಯೂ ಕೇಳಿಲ್ಲ. ನಾನು ಮರಿಯನ್ನು ತೋರಿಸಿದೆ, ಅವಳು ನೋಡಿದಳು. ಗುಂಡಿಯನ್ನು ಬದಲಿಸಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಮಸ್ಕಿಯ ಹುಡುಗ ಆಗ ಒಂದು ಮಾತು ಹೇಳಿದ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಅವರ ಮನೆಯ ಎತ್ತೊಂದು ಸತ್ತಿತಂತೆ. ಸಂತೆ ಜಾತ್ರೆಗಳಲ್ಲಿ ದನ ಸೇರಿಸುವುದನ್ನು ಆಗ ಸರಕಾರ ತಡೆದಿತ್ತು. ಹೊಸ ಎತ್ತು ತರುವಂತಿರಲಿಲ್ಲ. ಉಳಿದ ಒಂಟಿ ಎತ್ತು ಎಷ್ಟೋ ದಿನ ಗ್ವಾದಲಿಯಲ್ಲಿ ಅರ್ಧ ಮೇವು ಬಿಡುತ್ತಿತ್ತಂತೆ, ಜೊತೆಯದರ ಪಾಲೆಂಬಂತೆ. “ಇದು ಯಾವ ಆಟದಾಗೂ ಇಲ್ಲ ನೋಡ್ರಿ” ಎಂದ. ಮೂವರಲ್ಲಿ ಅವನೊಬ್ಬನೇ ಆಟವನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಅವನಿಗೆ ಅದರ ಅಗತ್ಯವಿರಲಿಲ್ಲ; ಸಂಜೆ ಆರರ ಬಸ್ಸಿಗೆ ಊರಿಗೆ ಹೊರಟ, ಎತ್ತಿಗೆ ನೀರು ಕುಡಿಸಬೇಕೆಂದು.

ನನ್ನ ಮಾತಿನ ಸಾರ ಇಷ್ಟೆ. ಆಟ ಮಾಡುವವರು ಮೇವಿಲ್ಲದ, ಮುಪ್ಪಿಲ್ಲದ, ನಷ್ಟವಿಲ್ಲದ ಪ್ರಾಣಿಯನ್ನು ತಯಾರಿಸಲಿ, ಮಾರಲಿ. ಆದರೆ ಅದಕ್ಕೆ ‘ಸಾಕುವುದು’ ಎಂಬ ಹೆಸರು ಕೊಡದಿರಲಿ. ಆಡುವವರು ಗುಂಡಿ ಒತ್ತಲಿ; ಒತ್ತಿದಾಗ ಮರಿಯ ಕಡೆಗೂ ಒಮ್ಮೆ ನೋಡಲಿ. ದೊಡ್ಡವರಾದ ನಾವು ಮಾತ್ರ, ನಿಜದ ಕೊಟ್ಟಿಗೆಯನ್ನು ಬರಿದು ಮಾಡಿದ ಕೈಯಿಂದಲೇ ಸುಳ್ಳು ಲಾಯಕ್ಕೆ ಬೀಗ ಹಾಕಲು ಹೋಗುವುದು ಬೇಡ. ಎಳೆಯರ ಮುಂದೆ ತೀರ್ಪು ಕೊಡುವ ಮೊದಲು ಅವರಿಗೆ ಒಂದು ಹಿಡಿ ಎರೆಮಣ್ಣನ್ನಾದರೂ ತಂದುಕೊಡೋಣ. ಮಸ್ಕಿಯ ಹುಡುಗನ ಮನೆಯಂಥ ಮನೆ ಊರಿಗೊಂದಾದರೂ ಇನ್ನೂ ಇದೆ. ಒಂದು ದಿನ ಅಲ್ಲಿಗೆ ಕರೆದೊಯ್ದು ಎತ್ತಿನ ಮೈ ಮುಟ್ಟಿಸೋಣ.

ನಿಷೇಧ ಬೇಕೆಂದ ನೆರೆಮನೆಯ ಮಹಾಶಯರಲ್ಲಿ ಕಡೆಯದೊಂದು ವಿಜ್ಞಾಪನೆ. ತಮ್ಮ ಹಿತ್ತಿಲಿನ ಕೊಟ್ಟಿಗೆಗೆ ಹೋಗಿ ಅಲ್ಲಿ ಈಗ ಏನು ನಿಂತಿದೆ ಎಂದು ನೋಡಿಕೊಂಡು ಬಂದು ಮಾತಾಡಬೇಕು. ನನ್ನ ತಂಗಿಯ ಮನೆಯ ಕೊಟ್ಟಿಗೆಯನ್ನು ನಾನೂ ನೋಡಿ ಬಂದಿದ್ದೇನೆ. ಗೌರಿಯ ಗೂಟ ಹಾಗೆಯೇ ಇದೆ. ಅದಕ್ಕೆ ಆತು ಒಂದು ಮೋಟಾರ್ ಸೈಕಲ್ ನಿಂತಿದೆ.